ಅರೆ ಸೆಕೆಂಡು

ಸೊಹಾರ್ ಆಸ್ಪತ್ರೆ, ಮೂರನೇ ಮಹಡಿ.
ಐದು ರಿಯಾಲ್ ಸಿಗುತ್ತದೆಂದು ಬಂದವರು, ಉಳ್ಳಾಲದವರು.
ಶೇಕಬ್ಬರ ಬೋಳುತಲೆಗೆ ಅಂಟು ಸವರಿ
ಇಪ್ಪತ್ತೊಂದು ತಂತಿ ಸಿಕ್ಕಿಸಿ ಹೇಳಿದೆ:
"ಮನಸ್ಸಾದಾಗ ಗುಂಡಿ ಒತ್ತಿ. ಅವಸರವಿಲ್ಲ."

ಒತ್ತಿದರು. ಮತ್ತೆ ಒತ್ತಿದರು.
ಪ್ರತಿ ಸಲವೂ ಪರದೆಯ ಗೆರೆ
ಅವರಿಗೆ ಮನಸ್ಸಾಗುವ ಮುಂಚೆಯೇ
ಮೆಲ್ಲಗೆ ಎದ್ದು ಕೂತಿತ್ತು,
ಬಾಂಗಿಗೆ ಮೊದಲೇ ಎಚ್ಚರಾದ ಮುದುಕನಂತೆ.

ತೋರಿಸಿದೆ. ಬೆಚ್ಚುತ್ತಾರೆ ಅಂದುಕೊಂಡಿದ್ದೆ.
ನಕ್ಕರು: "ಬುರೈಮಿ ರಸ್ತೆಯಲ್ಲಿ ಒಂದು ರಾತ್ರಿ
ನನ್ನ ನೀರಿನ ಟ್ಯಾಂಕರಿಗೆ ಒಂಟೆ ಅಡ್ಡ ಬಂತು.
ಕಾಲು ಬ್ರೇಕು ತುಳಿದಾದ ಮೇಲೆ
ನಾನು ಒಂಟೆ ಕಂಡದ್ದು.
ಶಹಬ್ಬಾಸ್ ಮಾತ್ರ ನನಗೆ ಸಿಕ್ಕಿತು ಸಿಸ್ಟರ್,
ಕಾಲಿಗಲ್ಲ."

ಆಮೇಲೆ, ಹಣೆಯ ಅಂಟು ಒರೆಸಿಕೊಳ್ಳುತ್ತ:
"ಹಾಗಾದರೆ ಕಫೀಲನ ಕಾಗದಕ್ಕೆ ಸಹಿ ಹಾಕಿದ್ದು?
ಮಗಳ ನಿಕಾಹ್‌ಗೆ ಹೋಗದೆ ಇಲ್ಲೇ ಉಳಿದದ್ದು?
ಅದೂ ಈ ಗೆರೆಯೇನಾ?"

"ಯಂತ್ರಕ್ಕೆ ಬೆರಳಿನ ವಿಷಯವಷ್ಟೇ ಗೊತ್ತು" ಎಂದೆ.
ಹಾಗೆನ್ನಬೇಕೆಂದು ತೀರ್ಮಾನಿಸಿದ ನೆನಪಿಲ್ಲ.

ಕ್ಯಾಂಟೀನಿನ ಹುಡುಗ ಕೇಳಿದ:
"ಕರಕ್? ಸುಲೈಮಾನಿ?"
ಬಾಯಿ ಬಿಡದೆ ನಿಂತೆ,
ಒಳಗೆ ಮೊದಲು ಯಾರು ಹೇಳುತ್ತಾರೋ ಕೇಳಿಸಿಕೊಳ್ಳಲು.
ಹಿಂದೆ ಸಾಲು ಬೆಳೆಯುತ್ತಿತ್ತು.