ಎರಡು ಬೆರಳು

ಅಚ್ಚು ತೆಗೆಯುವ ದಿನ ಗಡ್ಡ ಬೋಳಿಸಿಕೊಂಡು ಬನ್ನಿ ಎಂದು
ಚೀಟಿಯಲ್ಲಿ ಬರೆದುಕೊಟ್ಟಿದ್ದೆ, ಎಲ್ಲರಿಗೂ ಬರೆಯುವಂತೆ.
ಗಂಗುಲಪ್ಪ ಓದಿ ನಕ್ಕರು.
ಬೇತಮಂಗಲದ ಬಸ್ ಸ್ಟ್ಯಾಂಡಿನ ಪಕ್ಕ ನಲವತ್ತೊಂದು ವರ್ಷದಿಂದ
ಅವರದೇ ಕಟಿಂಗ್ ಶಾಪು.

ಬಿಸಿನೀರಿನ ತೊಟ್ಟಿಯಲ್ಲಿ ಬಿಳಿ ಹಾಳೆ ಮೆತ್ತಗಾಗುತ್ತದೆ,
ಅಂಚು ಹಿಡಿದೆತ್ತಿದರೆ ನೆನೆದ ಹಪ್ಪಳ.
ನೀರು ಒದರಿ, ಮುಖದ ಮೇಲೆ ಎಳೆದು,
ಮೂಗಿನ ಏಣು, ಹುಬ್ಬಿನ ದಿಬ್ಬ, ಗದ್ದದ ಕೆಳಗಿನ ತಗ್ಗು
ಒತ್ತಿ ಒತ್ತಿ ಕೂರಿಸಬೇಕು, ಆರುವುದರೊಳಗೆ.
"ಬಿಸಿ ಟವೆಲ್ಲು" ಅಂದರು ಒಳಗಿನಿಂದ, ತುಟಿ ಆಡಿಸದೆ.
ಅಲ್ಲಿಂದಾಚೆ ಅದು ಟವೆಲ್ಲಾಗಿರಲಿಲ್ಲ.

ಮೊದಲ ದಿನ ಕೊಕ್ಕೆಗಳು ಮೇಜಿಗೆ ಕಚ್ಚಿಕೊಂಡವು,
ಟಕ್, ಟಕ್, ಎಡಕ್ಕೆರಡು, ಬಲಕ್ಕೆರಡು, ನೆತ್ತಿಗೊಂದು.
ಅವರ ಕೈ ಎದ್ದಿತು. ಬಿಚ್ಚಿದೆ.
ಮತ್ತೆ ಹಾಕಿದೆ. ಮತ್ತೆ ಕೈ.
ಮೂರನೇ ಸಲ ಎದ್ದು ಕೂತು, ಬೆವರೊರೆಸಿಕೊಂಡು, ನಾಚಿಕೊಂಡು ಅಂದರು:
"ಎಷ್ಟು ಮಕ್ಕಳಿಗೆ ಹೇಳಿದೀನಮ್ಮಾ,
ಕುರ್ಚಿ ಮೇಲೆ ಅಡ್ಡ ಹಲಗೆ ಇಟ್ಟು ಕೂರಿಸಿ,
ಕದಲಕು ನಾಯನಾ, ಕದಲಬೇಡ, ಕಿವಿ ಹೋಗತ್ತೆ ಅಂತ.
ಅವಕ್ಕಾದರೂ ಎದುರಿಗೆ ಕನ್ನಡಿ ಇತ್ತು."

ಇಲ್ಲಿ ಕನ್ನಡಿ ಇಲ್ಲ. ಚಾವಣಿಗೆ ಅಂಟಿಸಿದ
ಯಾವುದೋ ಊರಿನ ಜಲಪಾತವಿದೆ;
ಮುಚ್ಚಿದ ಕಣ್ಣಿಗೆ ಅದೂ ಇಲ್ಲ.

ಎರಡು ಬೆರಳು ಗದ್ದದಡಿ ಇಟ್ಟು
ಕೂದಲೆಳೆಯಷ್ಟು ಎಡಕ್ಕೆ ತಿರುಗಿಸಿದೆ,
ಕೆಂಪು ಗೆರೆ ಗುರುತಿಗೆ ಕೂರಲೆಂದು.
ಕತ್ತು ತಾನಾಗಿ ಹಗುರಾಯಿತು.
ಆ ಬೆರಳು ಅವರಿಗೆ ಗೊತ್ತಿತ್ತು.
ಗೌಡರ ತಲೆ, ಮೇಷ್ಟರ ತಲೆ, ಮದುಮಗನ ತಲೆ
ಇಷ್ಟೇ ಬಲದಲ್ಲಿ ತಿರುಗಿಸಿದವರು;
ಅವರ ತಲೆಯನ್ನು ಯಾರಾದರೂ ತಿರುಗಿಸಿ ಎಷ್ಟು ಕಾಲವಾಗಿತ್ತೋ.

ದಿನಾ ಮೊದಲ ಬಸ್ಸಿಗೆ ಕೋಲಾರಕ್ಕೆ ಬರುತ್ತಿದ್ದರು,
ಶನಿವಾರ ಭಾನುವಾರ ಬಿಟ್ಟು.
ದಪ್ಪ ಬಾಗಿಲು ಮುಚ್ಚುತ್ತದೆ. ನಾವೆಲ್ಲ ಹೊರಗೆ.
ಪರದೆಯಲ್ಲಿ ಬೂದುಬಣ್ಣದ ಮನುಷ್ಯ,
ಉಸಿರಿಗೆ ಏಳುವ ಹೊಟ್ಟೆ, ಅಲುಗದ ತಲೆ.
ಒಳಗೇನು ಮಾಡುತ್ತಿರುತ್ತೀರಿ ಎಂದೊಮ್ಮೆ ಕೇಳಿದೆ.
"ಕಟಿಂಗು. ದಿನಕ್ಕೊಬ್ಬರು. ಇವತ್ತು ಸಾಮಿಲ್ಲಿನ ಜಬ್ಬಾರು.
ಬಲಗಿವಿ ಹಿಂದೆ ಇನ್ನೂ ಬಾಕಿ,
ಅಷ್ಟರಲ್ಲಿ ನೀವು ಬಾಗಿಲು ತೆಗೆದ್ರಿ."

ನಾಲ್ಕನೇ ವಾರ ಗಂಜಿಯೂ ಇಳಿಯದೆ ಕೆನ್ನೆ ಒಳಗೆ ಹೋಯಿತು.
ಅಚ್ಚು ಹಾಗೇ ಇತ್ತು. ಮುಖ ಅದರೊಳಗೆ ಆಡತೊಡಗಿತು,
ಮಾಗಿದ ಹುಣಸೆಯ ಓಡಿನಲ್ಲಿ ಹಣ್ಣು ಆಡುವ ಹಾಗೆ.
ನಮ್ಮ ಗಾಬರಿಗೆ ಎರಡು ಮಿಲಿಮೀಟರ್ ಸಾಕು.
ಮತ್ತೆ ಬಿಸಿನೀರು, ಮತ್ತೊಂದು ಹಾಳೆ.
ಸ್ವರ ಆಗಲೇ ಹೋಗಿತ್ತು; ಗಡ್ಡವೂ ಬರುತ್ತಿರಲಿಲ್ಲ.
ಬೋಳಿಸಿ ಬನ್ನಿ ಎಂದು ಈ ಸಲ ನಾನು ಬರೆಯಲಿಲ್ಲ.

ಮೂವತ್ತಮೂರನೆಯದು ಮುಗಿದ ದಿನ
ಹಣೆಯ ಮೇಲೆ ಜಾಲರಿ ಗುರುತು ಹೊತ್ತೇ ಎದ್ದು ಕೂತರು.
ಅಚ್ಚು ಬೇಕೇ ಅಂದೆ. ಕೆಲವರು ಒಯ್ಯುತ್ತಾರೆ,
ಕೆಲವರು ನೋಡಲೂ ಒಲ್ಲರು.
ಬೆರಳಲ್ಲಿ ತೋರಿಸಿದರು, ಹೊಸದಲ್ಲ,
ಕಪಾಟಿನ ಮೇಲಿದ್ದ ಹಳೆಯದು.
ಟ್ಯೂಬ್‌ಲೈಟಿಗೆ ಹಿಡಿದು, ದವಡೆಯ ಉದ್ದಕ್ಕೂ
ಹೆಬ್ಬೆರಳು ಓಡಿಸಿದರು, ಕಿವಿಯಿಂದ ಗದ್ದಕ್ಕೆ, ಮತ್ತೆ ವಾಪಸ್ಸು,
ಗಿರಾಕಿ ಎದ್ದುಹೋಗುವ ಮುಂಚೆ ನೋಡುವ ಹಾಗೆ.
ಒಂದು ಕಡೆ ನಿಲ್ಲಿಸಿ, ಬರೀ ಉಸಿರಲ್ಲಿ:
"ಇಲ್ಲಿ ನಾಲ್ಕು ಕೂದಲು ಬಿಟ್ಟಿದ್ದೆ."

ಹೌದು. ಅವತ್ತೇ ನೋಡಿದ್ದೆ.
ಹೇಳದೆ, ಹಾಳೆ ಆರುವುದರೊಳಗೆ
ಅದರ ಮೇಲೇ ಒತ್ತಿದ್ದೆ.