ಕಂಡರೆ ಕಂದು

ಬಾಟಲಿ ನನ್ನ ಕಿರುಬೆರಳಿಗಿಂತ ಗಿಡ್ಡ.
ರಾತ್ರಿ ಬಸ್ಸಿಗೆ ಹೈದರಾಬಾದಿನಿಂದ ಬಂದದ್ದು,
ಥರ್ಮೊಕೋಲ್ ಪೆಟ್ಟಿಗೆಯಲ್ಲಿ, ಅರ್ಧ ಕರಗಿದ ಐಸಿನ ನಡುವೆ.
ಮೇ ತಿಂಗಳ ಬಳ್ಳಾರಿ. ಸ್ಟ್ಯಾಂಡಿನಿಂದ ಲ್ಯಾಬಿನ ತನಕ
ಆಟೋದಲ್ಲಿ ಮಡಿಲಲ್ಲಿಟ್ಟುಕೊಂಡು, ಸೆರಗು ಮುಚ್ಚಿ ತಂದೆ.
ಕೂಸಿನ ಹಂಗೆ ತಂದೀನಿ ಸರ್, ಅಂದರೆ ಗಾದಿಲಿಂಗಪ್ಪ ಸರ್
"ಕೂಸಾದ್ರೆ ಅಳ್ತದವ್ವ, ಇದು ಕೆಟ್ರೆ ಗೊತ್ತೇ ಆಗಲ್ಲ."

ಚೀಟಿಯ ಮೂಲೆಯಲ್ಲಿ ಸಣ್ಣಗೆ: ಇಲಿ.
ಯಾವ ದೇಶದ್ದೋ, ಎಂದೋ ಸತ್ತದ್ದು.
ಸಾಯುವ ಮುಂಚೆ ಒಂದೇ ಒಂದನ್ನು ಗುರುತಿಟ್ಟುಕೊಂಡಿತ್ತು.
ಅದರ ಗುಲ್ಮದ ಕಣಕ್ಕೆ ಗುರುತಿತ್ತು, ಆಯುಷ್ಯವಿರಲಿಲ್ಲ.
ಕ್ಯಾನ್ಸರಿನ ಕಣಕ್ಕೆ ಸಾಯಲು ಬರುತ್ತಿರಲಿಲ್ಲ.
ಎರಡನ್ನೂ ಯಾರೋ ಬೆಸೆದರು.
ಈಗ ಆ ಬೆಸುಗೆ ಎಲ್ಲೋ ಒಂದು ಗಾಜಿನ ಸೀಸೆಯಲ್ಲಿ
ಒಡೆದು ಎರಡಾಗಿ, ಒಡೆದು ನಾಲ್ಕಾಗಿ
ಒಂದೇ ಮಾತು ಆಡುತ್ತಿದೆ.
ಕಳ್ಳನನ್ನು ಹಿಡಿಯಲು
ಕಳ್ಳನ ಹಠವನ್ನೇ ಸಾಲ ತಂದಂತೆ.

ನಮ್ಮ ಕೆಲಸ ಅಡುಗೆಯಿಂದ ಶುರು.
ಮೇಣ ಬಿಡಿಸಿ, ನೀರಿಗಿಳಿಸಿ, ಸ್ಲೈಡುಗಳನ್ನು
ಪ್ರೆಷರ್ ಕುಕ್ಕರಿಗೆ ಇಡುತ್ತೇವೆ.
ಸೀಟಿ ಕೂಗಿದಾಗೆಲ್ಲ ಪಕ್ಕದ ಕೋಣೆಯ ಗುಮಾಸ್ತರು
"ಏನವ್ವ, ಇವತ್ತು ಬ್ಯಾಳಿಯಾ?"
ಫಾರ್ಮಲಿನ್ ಕಟ್ಟಿಹಾಕಿದ ಮುಖಗಳು
ಆ ಹಬೆಗೆ ಸಡಿಲಾಗಿ ತಲೆಯೆತ್ತಬೇಕು.
ಆಮೇಲೆ ಹನಿ. ಇನ್ನೂರು ಪಾಲಿಗೆ ಒಂದು ಪಾಲು.
ಒದ್ದೆ ಡಬ್ಬಿಯೊಳಗೆ ಒಂದು ಗಂಟೆ.
ಆಮೇಲೆ ತೊಳೆಯುವುದು, ತೊಳೆಯುವುದು, ತೊಳೆಯುವುದು.

ಅಣ್ಣ ಯರ್ರಿಸ್ವಾಮಿ ಕೌಲ್ ಬಜಾರಿನಲ್ಲಿ ಜೀನ್ಸ್ ತೊಳೆಯುತ್ತಾನೆ.
ಮೊಣಕೈ ತನಕ ನೀಲಿ, ಉಗುರಿನ ಸಂದಿಯಲ್ಲಿ ಭಾನುವಾರವೂ ನೀಲಿ.
"ಬಣ್ಣ ಯಾರಾದ್ರೂ ಹಾಕ್ತಾರೆ,
ನಿಲ್ಲಬಾರದ ಜಾಗದಿಂದ ಬಿಡಿಸೋದೇ ಕಸುಬು" ಅಂದಿದ್ದ.
ನಮ್ಮ ಕೈಪಿಡಿಯ ನಾಲ್ಕನೆಯ ಪುಟ ಅವನು ಓದಿಲ್ಲ.

ನಮ್ಮಲ್ಲೂ ಕೊನೆಗೆ ಎಲ್ಲ ನೀಲಿ.
ಇಲಿ ಕಂಡಲ್ಲಿ ಮಾತ್ರ ಕಂದು,
ಕೋಳಿಗೂಡಿನ ಜಾಲರಿಯಂತೆ, ಕಣಕಣದ ಅಂಚಿಗೆ.
ಕಂದು ಇಲ್ಲದಿದ್ದರೆ?
ಅಲ್ಲಿ ಏನೂ ಇಲ್ಲವೆಂದೋ, ಇಲಿಯೇ ಕುರುಡಾಯಿತೆಂದೋ.
ಅದಕ್ಕೇ ಪ್ರತಿ ಸಲ ಮೊದಲ ಸ್ಲೈಡು ಅವಳದು.

ಬ್ಲಾಕ್ ನಂಬರ್ ನಾನೂರ ಹದಿನೇಳು.
ವಯಸ್ಸು ಐವತ್ತೆರಡು, ಎಡ ಸ್ತನ, ಊರು ಕುರುಗೋಡು.
ಹೆಸರಿನ ಮೇಲೆ ಯಾರದೋ ಚಹಾ ಚೆಲ್ಲಿದೆ.
ಒಂಬತ್ತು ವರ್ಷವಾಯಿತು. ಇದ್ದಾಳೋ ಇಲ್ಲವೋ
ನಮ್ಮ ರಿಜಿಸ್ಟರಿನಲ್ಲಿ ಆ ಕಾಲಮ್ಮೇ ಇಲ್ಲ.
ಅವಳಲ್ಲಿ ಅದು ದಟ್ಟವಾಗಿತ್ತು, ಅದಕ್ಕೇ ಆರಿಸಿದ್ದು.
ಇಲಿಗೆ ಕಣ್ಣಿದೆಯೇ ಎಂದು ಮೊದಲು ಅವಳನ್ನು ಕೇಳಿ,
ಆಮೇಲೆ ಉಳಿದವರನ್ನು.
ಈ ಅಧ್ಯಯನದ ನೂರಾ ಆರು ಹೆಂಗಸರಿಗೂ
ಮುಂದೆ ನಡೆದು ಬಾಗಿಲು ತಟ್ಟಿದವಳು ಅವಳೇ.

ಮೊನ್ನೆ ರಾತ್ರಿ ಐದು ತಾಸು ಕರೆಂಟಿಲ್ಲ.
ಬೆಳಿಗ್ಗೆ ಫ್ರಿಜ್ಜಿನ ಥರ್ಮಾಮೀಟರು ಹತ್ತೊಂಬತ್ತು ತೋರಿಸಿತು.
ಯಾರೂ ಮಾತಾಡಲಿಲ್ಲ.
ಸರ್ ಅವಳನ್ನು ಮೈಕ್ರೊಟೋಮಿಗೆ ಕಚ್ಚಿಸಿ
ನಾಲ್ಕು ಮೈಕ್ರಾನಿನ ಒಂದು ಎಳೆ ಸೀಳಿದರು.
ಬಿಸಿನೀರಿನ ಮೇಲೆ ತೇಲಿತು, ಉಸಿರು ಬಿಟ್ಟರೆ ಮಡಚುವಂತೆ.
ನಾನು ಕೆಲಸಕ್ಕೆ ಸೇರಿದಾಗ ಆ ಗಂಟು ಉಗುರಿನಷ್ಟಿತ್ತು.
ಈಗ ಎಳ್ಳುಕಾಳು.
ಇಲಿಯದು ದುಡ್ಡು ಕಳಿಸಿದರೆ ಇನ್ನೊಂದು ಬಾಟಲಿ ಬರುತ್ತದೆ.

ಮಧ್ಯಾಹ್ನ ಎರಡೂವರೆ.
ಎಳ್ಳುಕಾಳಿನೊಳಗೆ ಒಂದು ಅಂಚೂ ಬಿಡದೆ, ಕಂದು.
"ಐತೆ" ಅಂದರು ಸರ್, ಕಣ್ಣು ಎತ್ತದೆ.
ಯಾರ ಬಗ್ಗೆ ಅಂದರೋ ನಾನು ಕೇಳಲಿಲ್ಲ.
ಬ್ಲಾಕಿನ ಬದಿಗೆ ಪೆನ್ಸಿಲಿನಲ್ಲಿ ಬರೆದೆ:
ಇನ್ನು ಮೂರು ಸಲ.