ಎರಡು ಬೆರಳಗಲ

ಕಾಶಿವಾಗಿಯವರು ಪಿಯಾನೋಗೆ ಶ್ರುತಿ ಕೂಡಿಸುವವರು.
ಕೂದಲೆಳೆಯಷ್ಟು ತಂತಿ ಸಡಿಲಿದರೂ
ಹುಬ್ಬು ಗಂಟಿಕ್ಕುವ ಮನುಷ್ಯ.
ಅಂಥವರು ಮೊದಲು ಚಕ್ರ ಕೊಂಡರು,
ಆಮೇಲೆ ಅಳತೆ ನೋಡಿದರು.

ಕವಾಗುಚಿಯ ಹಳೇ ಎರಕದ ಬೀದಿ, ನನ್ನ ಶೆಡ್ಡು.
ಕಿತ್ತಳೆ ಬಣ್ಣದ ಫೇರ್‌ಲೇಡಿ ನಿಂತಿದೆ,
ಎಪ್ಪತ್ಮೂರರದು, ಉದ್ದ ಮೂತಿ, ಗಿಡ್ಡ ಬೆನ್ನು.
ಹೊಸ ಚಕ್ರ ನಾಲ್ಕೂ
ಹಬ್ಬಕ್ಕೆ ಎರಡು ದಿನ ಮುಂಚೆಯೇ ಬಂದ ನೆಂಟರ ಹಾಗೆ
ಗೋಡೆಗೊರಗಿ ಕೂತಿವೆ.
ತೊಡಿಸಿದರೆ ಟೈರು ಫೆಂಡರಿನಿಂದ ಎರಡು ಬೆರಳು ಆಚೆಗೆ.
ಎರಡೇ ಬೆರಳು.

‘ಅಂಚು ಕೊಯ್ದರೆ ಮತ್ತೆ ಕೂಡುವುದಿಲ್ಲ’ ಅಂದೆ.
‘ಗೊತ್ತು.’
‘ಕೂಡಿಸಬಹುದು. ಕೂಡಿಸಿದ್ದು ಕಾಣುತ್ತದೆ.’
‘ಅದೂ ಗೊತ್ತು.’
ಗೊತ್ತಿದ್ದವರ ಜೊತೆ ಮಾತಾಡುವುದು ಕಷ್ಟ.

ಸೆರ್ಹಾತ್, ನನ್ನ ಕೈಕೆಳಗಿನ ಕುರ್ದ್ ಹುಡುಗ,
ಗ್ರೈಂಡರಿಗೆ ಹೊಸ ಬಿಲ್ಲೆ ಹಾಕಿಕೊಂಡೇ ನಿಂತಿದ್ದ.
‘ಓಡುವ ಕಾರು ಯಜಮಾನರೇ, ಇದಕ್ಕೆ ಭುಜವೇ ಇಲ್ಲ.’
ಚಿಯೋಮಿಯವರು ಕಾರಿನಿಂದ ಇಳಿಯಲೂ ಇಲ್ಲ;
ಕಿಟಕಿಯೊಳಗಿಂದ ಹೇಳಿದರು:
‘ಇವರು ಮದುವೆ ಕೋಟಿನ ಹೆಗಲನ್ನೂ ಹೀಗೇ ಬಿಚ್ಚಿಸಿ
ಅಗಲ ಮಾಡಿಸಿದ್ದರು. ತೊಟ್ಟಿದ್ದು ಒಂದು ಸಲ.’

ನಾನು ಹೇಳಬೇಕಾದ್ದು ಇಷ್ಟು:
ಚಕ್ರದ ಮೇಲೆ ಬಾಗಿ, ಬಾಗಿಲ ಕಡೆಗೆ
ಸದ್ದಿಲ್ಲದೆ ಕರಗುವ ಈ ಗೆರೆ,
ಇದನ್ನು ಯಾರೋ ಜೇಡಿಯಲ್ಲಿ ತಿದ್ದಿ, ತಿದ್ದಿ,
ಒಂದು ದಿನ ಸಾಕು ಅಂದಿರಬೇಕು.
ಸಾಕು ಅನ್ನುವುದು ಸುಲಭದ ಮಾತಲ್ಲ.
ಮೂವತ್ತೊಂದು ವರ್ಷ ತಗಡು ಬಡಿದರೂ ನನಗದು ಬಂದಿಲ್ಲ.

ಇದನ್ನೂ ಹೇಳಬೇಕು, ಇಲ್ಲದಿದ್ದರೆ ಸುಳ್ಳಾದೀತು:
ಕಪ್ಪು ಅಂಚಿನ ಮೇಲೆ ರಿವೆಟ್ಟುಗಳ ಸಾಲು ಕಂಡರೆ
ನನ್ನ ಎದೆಯೂ ಒಂದು ಗೇರು ಇಳಿಯುತ್ತದೆ.
ಹದಿನೇಳರಲ್ಲಿ, ರಾತ್ರಿ, ಅರಕಾವಾ ಸೇತುವೆಯ ಮೇಲೆ
ಅಂಥದೊಂದು ನನ್ನ ಸೈಕಲ್ಲನ್ನು ದಾಟಿಕೊಂಡು ಹೋಗಿತ್ತು.
ಮುಖ ನೆನಪಿಲ್ಲ.
ಬೆನ್ನಿನ ಅಗಲ ನೆನಪಿದೆ.

ಒಳಗೆ ತುಕ್ಕಿದೆಯೋ ನೋಡೋಣವೆಂದು
ಬಲ ಹಿಂಬದಿಯ ಅಂಚನ್ನು ಉಜ್ಜುತ್ತ ಹೋದೆ.
ಕಿತ್ತಳೆ. ಅದರಡಿ ಬಿಳಿ. ಅದರಡಿ ಮತ್ತೆ ಕಿತ್ತಳೆ.
ಬೂದು ಪ್ರೈಮರ್.
ಆಮೇಲೆ ಒಂದು ಹಳದಿ ಚುಕ್ಕೆ, ಹಿತ್ತಾಳೆಯ ಬೆಸುಗೆ.
ಗೇಣು ಬಿಟ್ಟು ಇನ್ನೊಂದು.
ಇನ್ನೊಂದು.
ಕಮಾನಿನುದ್ದಕ್ಕೂ ಒಂಬತ್ತು, ಮುಚ್ಚಿದ ತೂತುಗಳು.

ಯಾರೋ ಹಾಕಿಸಿದ್ದರು.
ಯಾರೋ ಕಿತ್ತು, ಕೊಯ್ದ ಅಂಚಿಗೆ ಹೊಸ ತಗಡು ಕೂರಿಸಿ,
ಸುತ್ತಿಗೆಯ ಗುರುತು ಹಿಂದೆ ಮಾತ್ರ ಉಳಿಸಿದ್ದರು.
ಇಷ್ಟು ಹೊತ್ತು ನಾನು ಹೊಗಳಿದ ಗೆರೆ
ನನ್ನಂಥವನೊಬ್ಬ ಯಾವುದೋ ಶೆಡ್ಡಿನಲ್ಲಿ
ಹಿಂದಕ್ಕೆ ಬಡಿದು ತಂದದ್ದು.
ಸಾಕು ಅಂದವನು ಅವನೇ ಇರಬೇಕು.

ಕಾಶಿವಾಗಿಯವರು ಮಂಡಿಯೂರಿ
ಉಗುರಿನಿಂದ ಒಂದೊಂದೇ ಚುಕ್ಕೆ ತಟ್ಟಿ ಕೇಳಿದರು.
‘ಇಲ್ಲಿ ದನಿ ಬೇರೆ’ ಅಂದರು.
ಸ್ವಲ್ಪ ಹೊತ್ತು ಬಿಟ್ಟು:
‘ತಪ್ಪಿದ್ದು ಯಾರು? ಹಾಕಿಸಿದವನೋ, ತೆಗೆಸಿದವನೋ?’
ಸೆರ್ಹಾತ್ ಗ್ರೈಂಡರನ್ನು ಕೆಳಗಿಟ್ಟ.
‘ಇಬ್ಬರೂ ಒಬ್ಬನೇ ಇದ್ದಾನು’
ಕಿಟಕಿಯೊಳಗಿಂದ ಚಿಯೋಮಿಯವರು.

ಸಂಜೆಗೆ ಟೈರು ಬಂದ ಪೆಟ್ಟಿಗೆಯ ರಟ್ಟನ್ನೇ ಕೊಯ್ದು
ನಾಲ್ಕು ಕಮಾನು ಬಗ್ಗಿಸಿದೆ.
ಸೆರ್ಹಾತ್ ಕಪ್ಪು ಬಳಿದ; ರಿವೆಟ್ಟಿನ ಜಾಗದಲ್ಲಿ
ಬೆಳ್ಳಿ ಪೆನ್ನಿನ ಚುಕ್ಕೆ, ಕಾಳಜಿಯಿಂದ, ಎಣಿಸಿ ಒಂಬತ್ತೊಂಬತ್ತು.
ಟೇಪು ಹಚ್ಚಿ ಕಳಿಸಿದೆ:
ಒಂದು ವಾರ ಓಡಿಸಿ, ಅಂಗಡಿಗಳ ಗಾಜಿನಲ್ಲಿ ನೋಡಿಕೊಳ್ಳಿ.

ಮೂಲೆಯ ಸಿಗ್ನಲ್ಲಿನವರೆಗೆ ಕಾಣುತ್ತಿತ್ತು.
ಹಳೇ ಸಣಕಲು ಟೈರಿನ ಮೇಲೆ ರಟ್ಟಿನ ಹೆಗಲು,
ಎಡಗಡೆಯದು ಆಗಲೇ ಸಡಿಲಿ ಪಟಪಟ.
ಅವರ ತಲೆ ನೂಡಲ್ಸ್ ಅಂಗಡಿಯ ಗಾಜಿನ ಕಡೆ ತಿರುಗಿತ್ತು.
ಹಸಿರು ಬಿತ್ತು.
ಹಿಂದಿನ ಲಾರಿ ಒಂದು ಸಲ ಹಾರನ್ ಹೊಡೆಯಿತು,
ಇನ್ನೊಂದು ಸಲ.
ತಲೆ ಇನ್ನೂ ತಿರುಗಿಯೇ ಇತ್ತು.